ಮೊಬೈಲ್ ಚಿಪ್ಪೂ ಲ್ಯಾಪ್‌ಟಾಪಿನ ಚಿತ್ರಣಶಕ್ತಿಯೂ

ಅಂಗೈಯಲ್ಲಿ ಹಿಡಿಯುವ ಮೊಬೈಲಿಗಾಗಿ ಹುಟ್ಟಿದ ಚಿಪ್ಪು ಈಗ ಲ್ಯಾಪ್‌ಟಾಪ್ ಗಣಕದೊಳಗೂ ನೆಲೆಗೊಂಡಿದೆ. ಇದರಿಂದ ಯಂತ್ರ ಹಗುರವಾಯಿತು, ಬ್ಯಾಟರಿ ಹೆಚ್ಚು ಹೊತ್ತು ಬಾಳತೊಡಗಿತು ಎಂಬುದು ಎಲ್ಲರಿಗೂ ಅನುಭವವೇದ್ಯವಾದ ಸಂಗತಿ. ಆದರೆ ಗಣಕದ ಕೆಲಸಗಳಲ್ಲೆಲ್ಲ ಭಾರವಾದ ಚಿತ್ರಣಕಾರ್ಯವನ್ನು, ಎಂದರೆ ಘನವಸ್ತುಗಳ ರೂಪವನ್ನು ಪರದೆಯ ಮೇಲೆ ಬರೆದು ತಿರುಗಿಸಿ ತೋರಿಸುವ ಕಾರ್ಯವನ್ನು, ಇಂಥ ಚಿಪ್ಪು ಎಷ್ಟರಮಟ್ಟಿಗೆ ನಿರ್ವಹಿಸಬಲ್ಲುದು? ಈ ಪ್ರಶ್ನೆಗೆ ಪೇಟೆಯಲ್ಲಿ ಎರಡು ಉತ್ತರಗಳು ದೊರೆಯುತ್ತವೆ. ಇದು ಮೊಬೈಲಿನ ಚಿಪ್ಪಾದುದರಿಂದ ಇದರಿಂದ ಆಗದು ಎಂಬುದು ಒಂದು. ಹೊಸದಾದುದರಿಂದ ಎಲ್ಲವೂ ಆಗುತ್ತದೆ ಎಂಬುದು ಇನ್ನೊಂದು. ಇವೆರಡೂ ಅರ್ಧಸತ್ಯಗಳೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಜಿಲ್ಲೆಯಲ್ಲಿ ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಹಾಸನದಲ್ಲಿ ೧೯೬೦ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಮೊದಲ್ಗೊಂಡು ಈಗ ಹಲವು ತಾಂತ್ರಿಕ ಕಾಲೇಜುಗಳಿವೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಸುಮಾರು ಮೂವತ್ತು, ನಲವತ್ತು ಕಿಲೋಮೀಟರು ದೂರ ಬಸ್ಸಿನಲ್ಲಿ ಬಂದು ಸಂಜೆಗೆ ಹಿಂದಿರುಗುವ ವಿದ್ಯಾರ್ಥಿಗಳು ಈ ಕಾಲೇಜುಗಳಲ್ಲಿದ್ದಾರೆ. ಅವರಿಗೆ ಪ್ರಯೋಗಾಲಯದ ಗಣಕ ಹಗಲಿಗೆ ಮಾತ್ರ ದೊರೆಯುತ್ತದೆ. ರಾತ್ರಿಯ ಅಭ್ಯಾಸಕ್ಕೆ ಮನೆಯ ಲ್ಯಾಪ್‌ಟಾಪೇ ಗತಿ. ತೆಂಗು, ಆಲೂಗೆಡ್ಡೆ, ತಂಬಾಕಿನ ಬೆಳೆಯ ಹಣದಿಂದ ಮನೆಯವರು ಒಮ್ಮೆ ಕೊಂಡುಕೊಟ್ಟ ಯಂತ್ರ ನಾಲ್ಕು ವರ್ಷ ನಡೆಯಬೇಕು. ಆದುದರಿಂದ ಕೊಳ್ಳುವ ಮೊದಲು ಅದರ ಬಲಾಬಲಗಳನ್ನು ತಿಳಿಯುವುದು ಅವಶ್ಯಕ.

೧. ವಂಶಪರಿಚಯ

ಇಂದಿನ ಮೊಬೈಲುಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವುದು ಆರ್ಮ್ ಎಂಬ ವಿನ್ಯಾಸ. ಇಂಗ್ಲೆಂಡಿನ ಕೇಂಬ್ರಿಡ್ಜಿನ ಏಕಾರ್ನ್ ಕಂಪೆನಿಯಲ್ಲಿ ಇದರ ಮೊದಲ ಚಿಪ್ಪು ೧೯೮೫ರಲ್ಲಿ ಕೆಲಸಮಾಡಿತು. ಅದು ಮೇಜಿನ ಗಣಕಕ್ಕಾಗಿಯೇ ಹುಟ್ಟಿದ್ದು. ಅಲ್ಪ ವಿದ್ಯುತ್ತಿನಲ್ಲಿ ನಡೆಯುವ ಗುಣವಿದ್ದುದರಿಂದ ಮೊಬೈಲಿಗೆ ಹೋಯಿತು. ಆದುದರಿಂದ ಈಗ ಲ್ಯಾಪ್‌ಟಾಪಿಗೆ ಬಂದಿರುವುದು ಒಂದು ಅರ್ಥದಲ್ಲಿ ತವರಿಗೆ ಮರಳಿದಂತೆ. ಈ ವಿನ್ಯಾಸದ ಕೆಲಸದಲ್ಲಿ ಕರ್ನಾಟಕಕ್ಕೂ ಪಾಲುಂಟು: ಆರ್ಮ್ ಕಂಪೆನಿ ೨೦೨೫ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ತನ್ನ ಹೊಸ ವಿನ್ಯಾಸ ಕಚೇರಿಯನ್ನು ತೆರೆಯಿತು.

ಚಿಪ್ಪಿನಲ್ಲಿ ಎಣಿಕೆಯನ್ನು ಮಾಡುವ ಭಾಗ ಬೇರೆ, ಚಿತ್ರವನ್ನು ಬರೆಯುವ ಭಾಗ ಬೇರೆ. ಎರಡನೆಯದಕ್ಕೆ ಜಿ.ಪಿ.ಯು. ಎಂದು ಹೆಸರು; ಇಲ್ಲಿ ಅದನ್ನು ಚಿತ್ರಣ ಘಟಕ ಎಂದು ಕರೆಯೋಣ. ಅದರ ವಂಶವೂ ಸ್ವಾರಸ್ಯವಾದುದೇ. ಕ್ವಾಲ್ಕಾಮ್ ಕಂಪೆನಿಯ ಸ್ನಾಪ್‌ಡ್ರಾಗನ್ ಚಿಪ್ಪುಗಳಲ್ಲಿರುವ ಅಡ್ರೀನೋ ಎಂಬ ಚಿತ್ರಣ ಘಟಕದ ಮೂಲ, ಮೇಜಿನ ಗಣಕಗಳಿಗೆ ರೇಡಿಯಾನ್ ಕಾರ್ಡುಗಳನ್ನು ಮಾಡುತ್ತಿದ್ದ ಎ.ಟಿ.ಐ. ಸಂಸ್ಥೆಯದು. ಆ ಸಂಸ್ಥೆಯನ್ನು ಕೊಂಡಿದ್ದ ಎ.ಎಂ.ಡಿ. ಕಂಪೆನಿ ಅದರ ಮೊಬೈಲ್ ಚಿತ್ರಣ ವಿಭಾಗವನ್ನು ೨೦೦೯ರಲ್ಲಿ ಆರೂವರೆ ಕೋಟಿ ಡಾಲರಿಗೆ ಕ್ವಾಲ್ಕಾಮಿಗೆ ಮಾರಿತು. ರೇಡಿಯಾನ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಸ್ಥಳ ಬದಲಿಸಿ ಇಟ್ಟರೆ ಅಡ್ರೀನೋ ಆಗುತ್ತದೆ. ಆಪಲ್ ಕಂಪೆನಿಯ ಎಂ೧ ಚಿಪ್ಪು ೨೦೨೦ರ ನವೆಂಬರಿನಲ್ಲಿ ಲ್ಯಾಪ್‌ಟಾಪುಗಳಲ್ಲಿ ಬಂದಾಗ, ಅದು ಅದೇ ವರ್ಷದ ಐಫೋನಿನ ಚಿಪ್ಪಿನ ದೊಡ್ಡಣ್ಣನೇ ಆಗಿತ್ತು. ೧೬೦೦ ಕೋಟಿ ಟ್ರಾನ್ಸಿಸ್ಟರುಗಳುಳ್ಳದ್ದು. ಈ ವಂಶಗಳ ಚಿತ್ರಣ ಘಟಕಗಳೆಲ್ಲ ಬಡತನದಲ್ಲಿ ಬೆಳೆದಂಥವು. ಕೆಲವೇ ವಾಟ್ ವಿದ್ಯುತ್ತು, ಇಕ್ಕಟ್ಟಾದ ಜಾಗ, ಗಾಳಿ ಬೀಸುವ ಫ್ಯಾನಿನ ಅಭಾವ, ಇವುಗಳ ನಡುವೆ ಕೆಲಸಮಾಡಬೇಕಾದುದರಿಂದ ಅವು ಮಿತವ್ಯಯವನ್ನು ಕಲಿತವು. ಆ ಮಿತವ್ಯಯದ ಮರ್ಮವೇನೆಂಬುದನ್ನು ಮೊದಲು ನೋಡೋಣ.

೨. ಚಿತ್ರವನ್ನು ಬರೆಯುವ ಎರಡು ಕ್ರಮಗಳು

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ೧೨೪೬ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ಹೊರಗೋಡೆಯ ಮೂರ್ತಿಗಳನ್ನು ಸುತ್ತಲಿಂದ ಛಾಯಾಚಿತ್ರ ತೆಗೆದು ಗಣಕದಲ್ಲಿ ಘನರೂಪವಾಗಿ ಕಟ್ಟಿದೆವೆಂದು ಭಾವಿಸೋಣ. ಗಣಕವು ಶಿಲೆಯ ಮೇಲ್ಮೈಯನ್ನು ಸಣ್ಣ ಸಣ್ಣ ತ್ರಿಕೋಣಗಳಾಗಿ ಒಡೆದು ಇಟ್ಟುಕೊಳ್ಳುತ್ತದೆ. ಕೆತ್ತನೆ ಸೂಕ್ಷ್ಮವಾದಷ್ಟೂ ತ್ರಿಕೋಣಗಳ ಸಂಖ್ಯೆ ಏರುತ್ತದೆ; ಹತ್ತಾರು ಲಕ್ಷವಾಗುವುದು ಅಪೂರ್ವವಲ್ಲ. ನೋಡುವವನು ಇಲಿಯನ್ನು, ಎಂದರೆ ಮೌಸನ್ನು, ಸರಿಸಿ ಚಿತ್ರವನ್ನು ತಿರುಗಿಸಿದಾಗಲೆಲ್ಲ ಈ ತ್ರಿಕೋಣಗಳ ಸ್ಥಾನವನ್ನು ಪುನಃ ಲೆಕ್ಕಹಾಕಿ, ಯಾವುದು ಮುಂದೆ ಯಾವುದು ಹಿಂದೆ ಎಂದು ನಿರ್ಣಯಿಸಿ, ಪರದೆಯ ಪ್ರತಿಯೊಂದು ಬಿಂದುವಿಗೂ ಬಣ್ಣ ಕೊಡಬೇಕು. ಸೆಕೆಂಡಿಗೆ ಅರವತ್ತು ಸಲ ಹೀಗೆ ಮಾಡಿದರೆ ಕಣ್ಣಿಗೆ ನಯವಾದ ಚಲನೆ ಕಾಣುತ್ತದೆ.

ಹಳೆಯ ಕ್ರಮದಲ್ಲಿ ತ್ರಿಕೋಣಗಳನ್ನು ಬಂದ ಸರದಿಯಲ್ಲಿಯೇ ಬರೆಯುತ್ತಾರೆ. ಹಿಂದಿನ ಗೋಡೆ ಮೊದಲು ಬಂದರೆ ಅದನ್ನು ಬರೆದು, ಆಮೇಲೆ ಮುಂದಿನ ಮೂರ್ತಿ ಬಂದಾಗ ಗೋಡೆಯನ್ನು ಅಳಿಸಿ ಮೂರ್ತಿಯನ್ನು ಬರೆಯಬೇಕಾಗುತ್ತದೆ. ಒಂದೇ ಬಿಂದುವಿಗೆ ಮೂರು ನಾಲ್ಕು ಸಲ ಬಣ್ಣ ಬಳಿದಂತಾಗುತ್ತದೆ. ಪ್ರತಿಸಲವೂ ಚಿಪ್ಪಿನ ಹೊರಗಿರುವ ಮೆಮೊರಿಗೆ ಹೋಗಿ ಬರಬೇಕು. ಇದರ ಖರ್ಚನ್ನು ಲೆಕ್ಕಹಾಕಿ ನೋಡೋಣ. ಸಾಧಾರಣ ಲ್ಯಾಪ್‌ಟಾಪಿನ ಪರದೆಯಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦, ಒಟ್ಟು ೨೦,೭೩,೬೦೦ ಬಿಂದುಗಳಿರುತ್ತವೆ. ಒಂದು ಬಿಂದುವಿನ ಬಣ್ಣಕ್ಕೆ ೪ ಬೈಟ್, ಅದರ ಆಳವನ್ನು ಓದುವುದಕ್ಕೆ ೪ ಬೈಟ್, ಬರೆಯುವುದಕ್ಕೆ ೪ ಬೈಟ್, ಅಂತೂ ೧೨ ಬೈಟ್. ಸರಾಸರಿ ನಾಲ್ಕು ಸಲ ಮುಟ್ಟಬೇಕಾದರೆ ೪೮ ಬೈಟ್. ಒಂದು ಚಿತ್ರಕ್ಕೆ ಸುಮಾರು ೧೦ ಕೋಟಿ ಬೈಟ್. ಸೆಕೆಂಡಿಗೆ ಅರವತ್ತು ಚಿತ್ರಕ್ಕೆ ಸುಮಾರು ೬ ಗಿಗಾಬೈಟ್. ಅಂಚುಗಳು ನಯವಾಗಿ ಕಾಣಲೆಂದು ಪ್ರತಿ ಬಿಂದುವಿನಲ್ಲಿ ನಾಲ್ಕು ಮಾದರಿಗಳನ್ನು ತೆಗೆದರೆ ಇದು ೨೪ ಗಿಗಾಬೈಟಿಗೆ ಏರುತ್ತದೆ.

ಮೊಬೈಲ್ ಚಿಪ್ಪಿಗೆ ಈ ದುಂದು ಸಲ್ಲದು. ಮೆಮೊರಿಗೆ ಹೋಗಿಬರುವ ಪ್ರತಿಯೊಂದು ಬೈಟಿಗೂ ವಿದ್ಯುತ್ತು ವೆಚ್ಚವಾಗುತ್ತದೆ. ಆದುದರಿಂದ ಅದು ಪರದೆಯನ್ನು ಸಣ್ಣ ಚೌಕಗಳಾಗಿ ಹಂಚಿಕೊಳ್ಳುತ್ತದೆ. ಚೌಕವೊಂದಕ್ಕೆ ೩೨ ಬಿಂದು ಉದ್ದ, ೩೨ ಬಿಂದು ಅಗಲ ಎಂದಿಟ್ಟುಕೊಂಡರೆ ಪರದೆಯಲ್ಲಿ ೨೦೪೦ ಚೌಕಗಳಾಗುತ್ತವೆ. ಯಾವ ತ್ರಿಕೋಣ ಯಾವ ಚೌಕಕ್ಕೆ ಸೇರಿದುದೆಂದು ಮೊದಲು ಪಟ್ಟಿಮಾಡಿ, ಬಳಿಕ ಒಂದೊಂದೇ ಚೌಕವನ್ನು ಕೈಗೆತ್ತಿಕೊಂಡು, ಅದರ ಕೆಲಸವನ್ನೆಲ್ಲ ಚಿಪ್ಪಿನೊಳಗೇ ಇರುವ ಪುಟ್ಟ ಮೆಮೊರಿಯಲ್ಲಿ ಮುಗಿಸಿ, ಸಿದ್ಧವಾದ ಬಣ್ಣವನ್ನು ಮಾತ್ರ ಹೊರಗೆ ಕಳುಹಿಸುತ್ತದೆ. ಒಂದು ಚೌಕಕ್ಕೆ ಬೇಕಾದ ಜಾಗ ೮ ಕಿಲೋಬೈಟ್ ಮಾತ್ರ. ಹೊರಗೆ ಹೋಗುವುದು ಬಿಂದುವಿಗೆ ೪ ಬೈಟ್. ಸೆಕೆಂಡಿಗೆ ಸುಮಾರು ಅರ್ಧ ಗಿಗಾಬೈಟ್. ಆರು ಎಲ್ಲಿ, ಅರ್ಧ ಎಲ್ಲಿ! ಅಂಚನ್ನು ನಯಗೊಳಿಸಿದಾಗಲೂ ಇದು ಅರ್ಧವೇ ಆಗಿ ಉಳಿಯುತ್ತದೆ. ಏಕೆಂದರೆ ನಾಲ್ಕು ಮಾದರಿಗಳನ್ನು ಒಂದಾಗಿಸುವ ಕೆಲಸವೂ ಒಳಗೇ ನಡೆಯುತ್ತದೆ. ಇದು ಸ್ಥೂಲವಾದ ಲೆಕ್ಕ. ಹಳೆಯ ಕ್ರಮದ ಚಿಪ್ಪುಗಳು ಸಹ ದತ್ತವನ್ನು ಸಂಕೋಚಿಸಿ ಖರ್ಚನ್ನು ತಗ್ಗಿಸಿಕೊಳ್ಳುತ್ತವೆ. ಆದರೂ ಎರಡು ಕ್ರಮಗಳ ಸ್ವಭಾವಭೇದ ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಈ ಉಪಾಯಕ್ಕೂ ಬೆಲೆ ತೆರಬೇಕು. ತ್ರಿಕೋಣಗಳ ಪಟ್ಟಿಯನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಬೇಕಷ್ಟೆ. ಅದು ಹೊರಗಿನ ಮೆಮೊರಿಗೇ ಹೋಗುತ್ತದೆ. ಆಟದ ದೃಶ್ಯಗಳಲ್ಲಿ ತ್ರಿಕೋಣಗಳು ಮಿತವಾಗಿದ್ದು ಬಣ್ಣದ ಕೆಲಸ ಹೆಚ್ಚು. ಅಲ್ಲಿ ಈ ಕ್ರಮ ಗೆಲ್ಲುತ್ತದೆ. ಎಂಜಿನಿಯರನ ಯಂತ್ರನಕ್ಷೆಯಲ್ಲಿ ಇದು ತಿರುವುಮುರುವು: ಬಣ್ಣ ಸರಳ, ತ್ರಿಕೋಣಗಳು ಅಪಾರ. ೫೦ ಲಕ್ಷ ತ್ರಿಕೋಣಗಳ ಒಂದು ರೂಪದಲ್ಲಿ ಸುಮಾರು ೨೫ ಲಕ್ಷ ಶೃಂಗಗಳಿರುತ್ತವೆ. ಶೃಂಗವೊಂದಕ್ಕೆ ೩೨ ಬೈಟ್ ಎಂದರೆ ೮ ಕೋಟಿ ಬೈಟ್. ಬರೆದು ಓದುವುದಕ್ಕೆ ಅದರ ಎರಡರಷ್ಟು. ಸೆಕೆಂಡಿಗೆ ಅರವತ್ತು ಚಿತ್ರಕ್ಕೆ ೯.೬ ಗಿಗಾಬೈಟ್. ಹಳೆಯ ಕ್ರಮದ ೬ ಗಿಗಾಬೈಟಿನ ಖರ್ಚನ್ನೂ ಇದು ಮೀರಿತು! ಈ ಕಾರಣದಿಂದಲೇ ಅಡ್ರೀನೋ ಘಟಕಕ್ಕೆ ಸಂದರ್ಭಾನುಸಾರ ಎರಡು ಕ್ರಮಗಳ ನಡುವೆ ಬದಲಾಯಿಸಿಕೊಳ್ಳುವ ಸಾಮರ್ಥ್ಯವನ್ನು ಕೊಟ್ಟಿದ್ದಾರೆ. ಒಂದು ಕೆಲಸದಲ್ಲಿ ಕಂಡ ವೇಗವನ್ನು ಇನ್ನೊಂದು ಕೆಲಸಕ್ಕೆ ಅನ್ವಯಿಸಲಾಗದು ಎಂಬ ಪಾಠ ಇದರಿಂದ ದೊರೆಯುತ್ತದೆ.

೩. ಜಲಾಶಯವೂ ಸುರಂಗವೂ

ಚಿತ್ರಣ ಘಟಕದ ಶಕ್ತಿಯನ್ನು ಸೆಕೆಂಡಿಗೆ ಎಷ್ಟು ಲೆಕ್ಕ ಮಾಡಬಲ್ಲದು ಎಂಬುದರಿಂದ ಅಳೆಯುವುದು ರೂಢಿ. ಎಂ೧ ಚಿಪ್ಪಿನ ಎಂಟು ಭಾಗಗಳ ಚಿತ್ರಣ ಘಟಕಕ್ಕೆ ೨.೬ ಲಕ್ಷ ಕೋಟಿ. ೨೦೨೪ರ ಜೂನಿನಲ್ಲಿ ಲ್ಯಾಪ್‌ಟಾಪುಗಳಲ್ಲಿ ಬಂದ ಸ್ನಾಪ್‌ಡ್ರಾಗನ್ ಎಕ್ಸ್ ಎಲೀಟಿನ ಅತ್ಯುತ್ತಮ ಮಾದರಿಗೆ ೪.೬ ಲಕ್ಷ ಕೋಟಿ. ಸಂಖ್ಯೆಗಳು ಭವ್ಯವಾಗಿವೆ, ಆದರೆ ಇವನ್ನು ಮಾತ್ರವೇ ನೋಡುವುದು ಜಲಾಶಯದ ವಿಸ್ತಾರವನ್ನು ನೋಡಿ ಗದ್ದೆಗೆ ನೀರು ಬಂದಿತೆಂದು ತಿಳಿದಂತೆ.

ಗೊರೂರಿನ ಹೇಮಾವತಿ ಜಲಾಶಯದಲ್ಲಿ ಸುಮಾರು ೩೭ ಟಿ.ಎಂ.ಸಿ. ನೀರು ನಿಲ್ಲುತ್ತದೆ. ತುಮಕೂರಿನ ಕಡೆಗೆ ಹೋಗುವ ನೀರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗವನ್ನು ಹಾಯ್ದೇ ಹೋಗಬೇಕು. ಜಲಾಶಯ ತುಂಬಿ ತುಳುಕುತ್ತಿದ್ದರೂ ಸುರಂಗದ ಅಗಲ ಎಷ್ಟಿದೆಯೋ ಅಷ್ಟೇ ನೀರು ಆಚೆಗೆ ಹೋದೀತು. ಚಿಪ್ಪಿಗೂ ಮೆಮೊರಿಗೂ ನಡುವಿನ ಹಾದಿ ಈ ಸುರಂಗದಂಥದು. ಎಂ೧ನಲ್ಲಿ ಈ ಹಾದಿಯಲ್ಲಿ ಸೆಕೆಂಡಿಗೆ ಸುಮಾರು ೬೮ ಗಿಗಾಬೈಟ್ ಸಾಗುತ್ತದೆ; ಎಕ್ಸ್ ಎಲೀಟಿನಲ್ಲಿ ೧೩೫. ಎಂದರೆ ಮೆಮೊರಿಯಿಂದ ಒಂದು ಬೈಟ್ ಬರುವಷ್ಟರಲ್ಲಿ ಮೊದಲನೆಯದು ೩೮ ಲೆಕ್ಕಗಳನ್ನೂ ಎರಡನೆಯದು ೩೪ ಲೆಕ್ಕಗಳನ್ನೂ ಮಾಡಿ ಮುಗಿಸಬಲ್ಲುದು. ಅಷ್ಟು ಲೆಕ್ಕ ಬೇಡದ ಕೆಲಸದಲ್ಲಿ ಚಿತ್ರಣ ಘಟಕ ಸುಮ್ಮನೆ ಕಾಯುತ್ತ ನಿಲ್ಲುತ್ತದೆ.

ಇದಲ್ಲದೆ ಈ ಹಾದಿ ಚಿತ್ರಣ ಘಟಕವೊಂದರದೇ ಅಲ್ಲ. ಒಂದೇ ಜಲಾಶಯದಿಂದ ಎಡದಂಡೆಗೂ ಬಲದಂಡೆಗೂ ನೀರು ಹಂಚುವಂತೆ, ಎಣಿಕೆಯ ಭಾಗವೂ ಚಿತ್ರಣದ ಭಾಗವೂ ಒಂದೇ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಇದರಲ್ಲಿ ಅನುಕೂಲವೂ ಉಂಟು: ಒಬ್ಬರು ಬರೆದುದನ್ನು ಇನ್ನೊಬ್ಬರಿಗೆ ನಕಲುಮಾಡಿ ಕೊಡುವ ಶ್ರಮವಿಲ್ಲ. ಅನನುಕೂಲವೂ ಉಂಟು: ಒಟ್ಟು ೮ ಗಿಗಾಬೈಟ್ ಇದ್ದರೆ ಅದರಲ್ಲಿಯೇ ಎಲ್ಲರೂ ಬಾಳಬೇಕು. ಈ ಮೆಮೊರಿಯನ್ನು ಸಾಮಾನ್ಯವಾಗಿ ಒಳಗೆ ಬೆಸೆದೇ ಇಟ್ಟಿರುವುದರಿಂದ ಮುಂದೆ ಹೆಚ್ಚಿಸಿಕೊಳ್ಳುವುದಕ್ಕೂ ಬರುವುದಿಲ್ಲ.

ಪ್ರತ್ಯೇಕ ಚಿತ್ರಣ ಚಿಪ್ಪುಳ್ಳ ಲ್ಯಾಪ್‌ಟಾಪಿನೊಡನೆ ಹೋಲಿಸಿದರೆ ಚಿತ್ರ ಪೂರ್ಣವಾಗುತ್ತದೆ. ಎನ್ವಿಡಿಯಾ ಕಂಪೆನಿಯ ಆರ್.ಟಿ.ಎಕ್ಸ್. ೪೦೫೦ ಎಂಬುದು ಈ ವರ್ಗದಲ್ಲಿ ಕೆಳಮೆಟ್ಟಿಲಿನದು. ಅದಕ್ಕೆ ತನ್ನದೇ ಆದ ೬ ಗಿಗಾಬೈಟ್ ಮೆಮೊರಿ ಇದೆ. ಹಾದಿಯ ಅಗಲ ಸೆಕೆಂಡಿಗೆ ೧೯೨ ಗಿಗಾಬೈಟ್. ಅದರಲ್ಲಿ ಬೇರೆಯವರಿಗೆ ಪಾಲಿಲ್ಲ. ಆದರೆ ಆ ಚಿಪ್ಪೊಂದಕ್ಕೇ ತಯಾರಕರ ಏರ್ಪಾಡಿನಂತೆ ೩೫ರಿಂದ ೧೧೫ ವಾಟ್‌ವರೆಗೆ ವಿದ್ಯುತ್ತು ಬೇಕು. ಅಷ್ಟು ಶಾಖವನ್ನು ಹೊರಹಾಕಲು ಫ್ಯಾನು ಬೇಕು. ಬ್ಯಾಟರಿಯ ಮೇಲೆ ನಡೆದಾಗ ಪೂರ್ಣಶಕ್ತಿ ದೊರೆಯುವುದಿಲ್ಲ. ಸಂಜೆ ವಿದ್ಯುತ್ತು ಹೋದ ಹಳ್ಳಿಮನೆಯಲ್ಲಿ ಮೊಬೈಲ್ ವಂಶದ ಚಿಪ್ಪಿನ ಮಿತವ್ಯಯವೇ ದೊಡ್ಡ ಗುಣವೆನಿಸುತ್ತದೆ. ಪಾಠದ ವಿಡಿಯೋ ನೋಡುವುದಕ್ಕೆ ಇಂಥ ಚಿಪ್ಪುಗಳಲ್ಲಿ ಬೇರೆಯೇ ಒಂದು ಭಾಗವಿದ್ದು, ಅದು ಅತ್ಯಲ್ಪ ವಿದ್ಯುತ್ತಿನಲ್ಲಿ ನಡೆಯುತ್ತದೆ. ಆದರೆ ವಿಡಿಯೋ ಸೊಗಸಾಗಿ ಓಡಿತೆಂಬ ಮಾತ್ರಕ್ಕೆ ಘನನಕ್ಷೆಯೂ ಓಡೀತೆಂದು ತಿಳಿಯಲಾಗದು. ಎರಡೂ ಕೆಲಸಗಳನ್ನು ಮಾಡುವವರು ಬೇರೆ ಬೇರೆ.

ಒಂದೇ ಕುಲನಾಮದ ಚಿಪ್ಪುಗಳೊಳಗೂ ಅಂತರ ಬಹಳ. ಸ್ನಾಪ್‌ಡ್ರಾಗನ್ ಎಕ್ಸ್ ಎಂಬ ಹೆಸರನ್ನೇ ಹೊತ್ತು ೨೦೨೫ರಲ್ಲಿ ಕಡಿಮೆ ಬೆಲೆಯ ಯಂತ್ರಗಳಿಗಾಗಿ ಬಂದ ಮಾದರಿಯ ಚಿತ್ರಣಶಕ್ತಿ ೧.೭ ಲಕ್ಷ ಕೋಟಿ ಮಾತ್ರ. ಎಲೀಟಿನ ಉತ್ತಮ ಮಾದರಿಯ ಅರ್ಧಕ್ಕಿಂತಲೂ ಕಡಿಮೆ. ಎಂ೧ರ ಕಾಲದಲ್ಲಿಯೂ ಅಗ್ಗದ ಮ್ಯಾಕ್‌ಬುಕ್ ಏರ್‌ನಲ್ಲಿ ಎಂಟರ ಬದಲು ಏಳು ಚಿತ್ರಣ ಭಾಗಗಳಿದ್ದವು. ಪತ್ರಿಕೆಯ ವಿಮರ್ಶೆಯಲ್ಲಿ ಹೊಗಳಿಸಿಕೊಂಡದ್ದು ಒಂದು, ಅಂಗಡಿಯಲ್ಲಿ ಕೈಗೆ ಬಂದದ್ದು ಇನ್ನೊಂದು ಎಂದಾಗದಂತೆ ಕೊಳ್ಳುವವರು ಪೂರ್ಣ ಸಂಖ್ಯೆಯನ್ನು ಓದಿ ನೋಡತಕ್ಕದ್ದು.

೪. ಭಾಷೆಯ ತೊಡಕು

ಇಷ್ಟರವರೆಗೆ ಶಕ್ತಿಯ ವಿಚಾರವಾಯಿತು. ಆದರೆ ವಿದ್ಯಾರ್ಥಿಯ ಪಾಲಿಗೆ ನಿಜವಾದ ತೊಡಕು ಶಕ್ತಿಯದಲ್ಲ, ಭಾಷೆಯದು. ದಶಕಗಳಿಂದ ವಿಂಡೋಸ್ ತಂತ್ರಾಂಶಗಳನ್ನು ಬರೆದಿರುವುದು ಇಂಟೆಲ್, ಎ.ಎಂ.ಡಿ. ಚಿಪ್ಪುಗಳ ಆಜ್ಞಾಭಾಷೆಯಲ್ಲಿ. ಆರ್ಮ್ ಚಿಪ್ಪಿಗೆ ಅದು ತಿಳಿಯದು. ೨೦೧೨ರ ವಿಂಡೋಸ್ ಆರ್.ಟಿ. ಯಂತ್ರಗಳಲ್ಲಿ ಹಳೆಯ ತಂತ್ರಾಂಶ ಒಂದೂ ನಡೆಯುತ್ತಿರಲಿಲ್ಲ. ೨೦೧೭ರ ಡಿಸೆಂಬರಿನಲ್ಲಿ ಪ್ರಕಟವಾದ ಸ್ನಾಪ್‌ಡ್ರಾಗನ್ ೮೩೫ ಲ್ಯಾಪ್‌ಟಾಪುಗಳು ೩೨ ಬಿಟ್ಟಿನ ಹಳೆಯ ತಂತ್ರಾಂಶಗಳನ್ನು ಅನುವಾದಿಸಿ ನಡೆಸಿದವು. ೬೪ ಬಿಟ್ಟಿನವುಗಳ ಅನುವಾದ ೨೦೨೧ರಲ್ಲಿ ವಿಂಡೋಸ್ ೧೧ರೊಡನೆ ಬಂದಿತು. ೨೦೨೪ರಲ್ಲಿ ಪ್ರಿಸಮ್ ಎಂಬ ಉತ್ತಮ ಅನುವಾದಕ ದೊರೆಯಿತು. ಆಪಲ್ ತನ್ನ ರೊಸೆಟ್ಟಾ ೨ ಎಂಬ ಅನುವಾದಕವನ್ನು ಎಂ೧ನೊಡನೆಯೇ ಕೊಟ್ಟಿತು.

ಅನುವಾದಕವು ಎಣಿಕೆಯ ಭಾಗದ ಆಜ್ಞೆಗಳನ್ನು ಮಾತ್ರ ಬದಲಾಯಿಸುತ್ತದೆ. ಚಿತ್ರಣ ಘಟಕ ತನ್ನ ಸ್ವಂತ ವೇಗದಲ್ಲಿಯೇ ಕೆಲಸಮಾಡುತ್ತದೆ. ಆದರೆ ಅದಕ್ಕೆ ಕೆಲಸ ಹೇಳುವವನು ದುಭಾಷಿಯ ಮೂಲಕ ಮಾತನಾಡುವುದರಿಂದ ಆಜ್ಞೆಗಳು ತಡವಾಗಿ ತಲುಪುತ್ತವೆ. ಗಾರೆಯವನು ಎಷ್ಟೇ ಚುರುಕಾಗಿದ್ದರೂ ಇಟ್ಟಿಗೆ ಕೊಡುವವನ ಕೈ ನಿಧಾನವಾದರೆ ಗೋಡೆ ಏಳುವುದಿಲ್ಲ.

ಎರಡನೆಯ ತೊಡಕು ಚಿತ್ರಣದ ಭಾಷೆಯದೇ. ಎಂಜಿನಿಯರಿಂಗ್ ನಕ್ಷೆಯ ತಂತ್ರಾಂಶಗಳಲ್ಲಿ ಹಲವು, ೧೯೯೨ರಲ್ಲಿ ಬಂದ ಓಪನ್‌ಜಿಎಲ್ ಎಂಬ ಕ್ರಮವನ್ನು ಬಹುಕಾಲದಿಂದ ನಂಬಿಕೊಂಡಿವೆ. ಆರ್ಮ್ ವಿಂಡೋಸ್ ಯಂತ್ರದಲ್ಲಿ ಇದನ್ನು ಮೈಕ್ರೋಸಾಫ್ಟಿನ ಒಂದು ಹೊಂದಾಣಿಕೆಯ ತಂತ್ರಾಂಶ ಡೈರೆಕ್ಟ್‌ತ್ರೀಡಿ ೧೨ ಎಂಬ ಬೇರೊಂದು ಕ್ರಮಕ್ಕೆ ಪರಿವರ್ತಿಸುತ್ತದೆ. ಆಪಲ್ ಸಂಸ್ಥೆ ೨೦೧೪ರಲ್ಲಿ ಮೆಟಲ್ ಎಂಬ ತನ್ನದೇ ಕ್ರಮವನ್ನು ತಂದು, ೨೦೧೮ರಿಂದ ಓಪನ್‌ಜಿಎಲ್ಲನ್ನು ಕೈಬಿಡಬೇಕಾದುದರ ಪಟ್ಟಿಗೆ ಸೇರಿಸಿದೆ. ಹೀಗೆ ಹಳೆಯ ನಕ್ಷೆ ತಂತ್ರಾಂಶವೊಂದು ಹೊಸ ಯಂತ್ರದಲ್ಲಿ ನಡೆಯುವಾಗ ಅದರ ಮಾತಿಗೆ ಎರಡು ಸಲ ಅನುವಾದವಾಗುತ್ತದೆ. ಇನ್ನು ಡ್ರೈವರ್ ಎಂಬ ಚಾಲಕ ತಂತ್ರಾಂಶಗಳಂತೂ ಅನುವಾದಕ್ಕೆ ಒಗ್ಗುವುದೇ ಇಲ್ಲ. ಅವನ್ನು ಆರ್ಮ್‌ಗಾಗಿಯೇ ಹೊಸದಾಗಿ ಬರೆಯಬೇಕು. ಯಂತ್ರವಿನ್ಯಾಸದ ದೊಡ್ಡ ತಂತ್ರಾಂಶಗಳ ತಯಾರಕರು ಇಂತಿಂಥ ಚಿತ್ರಣ ಚಿಪ್ಪು, ಇಂತಿಂಥ ಚಾಲಕ ಎಂದು ಪರೀಕ್ಷಿಸಿ ಪಟ್ಟಿ ಪ್ರಕಟಿಸುತ್ತಾರೆ. ಪಟ್ಟಿಯಲ್ಲಿ ಇಲ್ಲದ ಯಂತ್ರದಲ್ಲಿ ತಂತ್ರಾಂಶ ತೆರೆದುಕೊಂಡರೂ ಗೆರೆ ಮಾಯವಾಗುವುದು, ಮೇಲ್ಮೈ ಒಡೆದು ಕಾಣುವುದು ಮುಂತಾದ ದೋಷಗಳಿಗೆ ಹೊಣೆ ಹೊರುವವರಿರುವುದಿಲ್ಲ.

ಹಾಗೆಂದು ನಿರಾಶೆಗೆ ಕಾರಣವಿಲ್ಲ. ಆಪಲ್ ಯಂತ್ರಗಳ ಆಟೋಕ್ಯಾಡ್ ೨೦೨೪ರ ಆವೃತ್ತಿಯಿಂದ ಹೊಸ ಚಿಪ್ಪಿನ ಭಾಷೆಯಲ್ಲಿಯೇ ನಡೆಯುತ್ತದೆ. ಘನಚಿತ್ರಣಕ್ಕೆ ಹೆಸರಾದ, ಬೆಲೆಯಿಲ್ಲದೆ ದೊರೆಯುವ ಬ್ಲೆಂಡರ್ ತಂತ್ರಾಂಶ ಆಪಲ್ ಚಿಪ್ಪುಗಳಲ್ಲಿಯೂ ಆರ್ಮ್ ವಿಂಡೋಸಿನಲ್ಲಿಯೂ ಸ್ವಭಾಷೆಯಲ್ಲಿ ದೊರೆಯುತ್ತದೆ. ಆದರೆ ಸಾಲಿಡ್ ಎಡ್ಜ್, ಸಾಲಿಡ್‌ವರ್ಕ್ಸ್‌ಗಳಿಗೆ ಆಪಲ್ ಆವೃತ್ತಿಯೇ ಇಲ್ಲ. ಅವು ಇಂಟೆಲ್ ಬಗೆಯ ವಿಂಡೋಸ್ ಯಂತ್ರವನ್ನು ಉದ್ದೇಶಿಸಿ ಬೆಳೆದಂಥವು.

೫. ಉಪಸಂಹಾರ

ಈಗ ಹೊಳೆನರಸೀಪುರದಿಂದಲೋ ಅರಕಲಗೂಡಿನಿಂದಲೋ ಹಾಸನಕ್ಕೆ ಬರುವ ಮೊದಲ ವರ್ಷದ ವಿದ್ಯಾರ್ಥಿಯ ವಿಷಯಕ್ಕೆ ಬರೋಣ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಪಾಠಕ್ರಮದಲ್ಲಿ ಗಣಕದ ನೆರವಿನ ಎಂಜಿನಿಯರಿಂಗ್ ನಕ್ಷೆಯ ಪಾಠ ಸೇರಿದೆ. ಬಿಂದು, ರೇಖೆ, ಸಮತಲ, ಘನಗಳ ಪ್ರಕ್ಷೇಪ, ಮೇಲ್ಮೈಯ ವಿಸ್ತರಣೆ, ಇವು ಅದರ ವಿಷಯಗಳು. ಇಲ್ಲಿ ಬರುವ ಪ್ರಿಸ್ಮು, ಶಂಕುಗಳಲ್ಲಿ ತ್ರಿಕೋಣಗಳು ಕೆಲವು ನೂರು ಮಾತ್ರ. ಮೇಲೆ ಹೇಳಿದ ಚಿಪ್ಪುಗಳಲ್ಲಿ ಅತ್ಯಂತ ದುರ್ಬಲವಾದುದಕ್ಕೂ ಇದು ಲೀಲೆಯ ಕೆಲಸ. ಹೀಗಿರುವಲ್ಲಿ ಆ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ, ಚಿಪ್ಪಿಗೆ ಎಷ್ಟು ಲಕ್ಷ ಕೋಟಿ ಲೆಕ್ಕದ ಬಲವಿದೆ ಎಂಬುದಲ್ಲ. ನನ್ನ ಕಾಲೇಜಿನಲ್ಲಿ ಬಳಸುವ ತಂತ್ರಾಂಶ, ಅದೇ ಆವೃತ್ತಿ, ಈ ಚಿಪ್ಪಿನ ಮೇಲೆ ನಡೆಯುತ್ತದೆಂದು ಅದರ ತಯಾರಕರು ಬರೆದು ಪ್ರಕಟಿಸಿದ್ದಾರೆಯೆ ಎಂಬುದು. ನಾಲ್ಕು ವರ್ಷದ ವ್ಯಾಸಂಗದಲ್ಲಿ ಮುಂದೆ ಬರುವ ತಂತ್ರಾಂಶಗಳ ಹೆಸರನ್ನು ವಿಭಾಗದ ಅಧ್ಯಾಪಕರಿಂದ ಮೊದಲೇ ಕೇಳಿ ತಿಳಿಯುವುದು ಲೇಸು.

ಯಂತ್ರಶಿಲ್ಪ, ಕಟ್ಟಡಶಿಲ್ಪಗಳ ವಿದ್ಯಾರ್ಥಿಗೆ ಸದ್ಯಕ್ಕೆ ಇಂಟೆಲ್ ಅಥವಾ ಎ.ಎಂ.ಡಿ. ಚಿಪ್ಪಿನ ವಿಂಡೋಸ್ ಯಂತ್ರವೇ ನಿರಾತಂಕವಾದುದು; ಅದರ ಚಿತ್ರಣಶಕ್ತಿ ಕಾಗದದ ಮೇಲೆ ಸ್ವಲ್ಪ ಕಡಿಮೆಯಿದ್ದರೂ ಚಿಂತೆಯಿಲ್ಲ. ಗಣಕವಿಜ್ಞಾನದವನಿಗೆ, ಕಲೆ ವಾಣಿಜ್ಯಗಳವನಿಗೆ, ಪಾಠ ಬರೆಹಗಳಿಗಾಗಿಯೇ ಯಂತ್ರ ಬೇಕಾದವನಿಗೆ ಮೊಬೈಲ್ ವಂಶದ ಚಿಪ್ಪು ಯೋಗ್ಯವಾದ ಆಯ್ಕೆ. ನುಗ್ಗೇಹಳ್ಳಿಯ ಮೂರ್ತಿಗಳಂಥ ಭಾರಿ ಘನರೂಪಗಳನ್ನು ಬ್ಲೆಂಡರಿನಲ್ಲಿ ಕಟ್ಟಬಯಸುವವನು ೧೬ ಗಿಗಾಬೈಟಿಗೆ ಕಡಿಮೆಯಿಲ್ಲದ ಮೆಮೊರಿಯನ್ನೂ ಅಗಲವಾದ ಹಾದಿಯನ್ನೂ ನೋಡಿಕೊಳ್ಳಬೇಕು. ಕಾಲೇಜುಗಳ ಕರ್ತವ್ಯವೂ ಇಲ್ಲಿ ಇಲ್ಲದಿಲ್ಲ. ಪ್ರವೇಶದ ಸಮಯದಲ್ಲಿಯೇ, ತಮ್ಮಲ್ಲಿ ಬಳಸುವ ತಂತ್ರಾಂಶಗಳನ್ನೂ ಅವು ನಡೆಯುವ ಚಿಪ್ಪಿನ ಬಗೆಯನ್ನೂ ಕನ್ನಡದಲ್ಲಿ ಒಂದು ಹಾಳೆಯಷ್ಟು ಮುದ್ರಿಸಿ ಪೋಷಕರ ಕೈಗೆ ಕೊಟ್ಟರೆ ಎಷ್ಟೋ ಮನೆಗಳ ಹಣ ಉಳಿದೀತು.

ಚಿತ್ರಣ ಘಟಕದ ಸಾಮರ್ಥ್ಯವೆಂಬುದು ಚಿಪ್ಪಿನೊಳಗೆ ಮಾತ್ರ ಇರುವ ವಸ್ತುವಲ್ಲ. ಚಿಪ್ಪು, ಮೆಮೊರಿಯ ಹಾದಿ, ಶಾಖ, ಚಾಲಕ, ತಂತ್ರಾಂಶ, ಈ ಐದೂ ಕೂಡಿದಾಗ ಅದು ಪರದೆಯ ಮೇಲೆ ಪ್ರಕಟವಾಗುತ್ತದೆ. ಇವುಗಳಲ್ಲಿ ಮೊಬೈಲ್ ವಂಶದ ಚಿಪ್ಪುಗಳು ಮೊದಲ ಮೂರನ್ನು ತಕ್ಕಮಟ್ಟಿಗೆ ಸಾಧಿಸಿವೆ. ಉಳಿದ ಎರಡು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿವೆ. ಅಲ್ಲಿಯವರೆಗೆ ಕೊಳ್ಳುವವನು ತಂತ್ರಾಂಶದಿಂದ ಆರಂಭಿಸಿ ಚಿಪ್ಪಿನ ಕಡೆಗೆ ಬರತಕ್ಕದ್ದೇ ಹೊರತು, ಚಿಪ್ಪಿನಿಂದ ಆರಂಭಿಸಿ ತಂತ್ರಾಂಶದ ಕಡೆಗೆ ಹೋಗತಕ್ಕದ್ದಲ್ಲ.